ಹತ್ತು ಬೋಲ್ಟು, ನಾಲ್ಕು ಮೂಲೆ

ಘಾಟಬೋರಾಳದ ಪಂಡರಿಗೆ ತಾನು ಮಿಸ್ತ್ರಿಯೋ ಕುರಿ ಕಾಯುವವನೋ ಎಂಬುದು ಇಪ್ಪತ್ತಾರನೆಯ ವಯಸ್ಸಿನವರೆಗೂ ಸರಿಯಾಗಿ ತಿಳಿದಿರಲಿಲ್ಲ. ಹುಮನಾಬಾದದಲ್ಲಿ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿದ್ದ ಹಬೀಬ್ ಉಸ್ತಾದರ ತಗಡಿನ ಶೆಡ್ಡಿನಲ್ಲಿ ಅವನು ಆರು ವರ್ಷ ಕೆಲಸ ಮಾಡಿದ್ದ. ಅಲ್ಲಿಗೆ ಬರುವ ಲಾರಿಯವರು ಅವನನ್ನು ಮಿಸ್ತ್ರಿ ಎಂದೇ ಕರೆಯುತ್ತಿದ್ದರು. ತಿಂಗಳಿಗೊಮ್ಮೆ ಊರಿಗೆ ಹೋದರೆ ಅಣ್ಣ ತುಳಜಾರಾಮ ಅವನ ಕೈಗೆ ಕೋಲು ಕೊಟ್ಟು, ಹಿಂಡನ್ನು ಹಳ್ಳದ ಕಡೆಗೆ ಹೊಡೆದುಕೊಂಡು ಹೋಗೆನ್ನುತ್ತಿದ್ದ. ಪಂಡರಿ ಎರಡು ಕೆಲಸವನ್ನೂ ಮಾಡುತ್ತಿದ್ದ. ಹೆಂಡತಿ ಧೂಳಮ್ಮ ಊರಿನಲ್ಲಿ ಅತ್ತಿಗೆಯ ಜೊತೆಗಿದ್ದಳು. ಗಂಡ ಏನು ಉದ್ಯೋಗ ಮಾಡುತ್ತಾನೆಂದು ಯಾರಾದರೂ ಕೇಳಿದರೆ, ಕೇಳಿದವರ ಮುಖ ನೋಡಿ ಉತ್ತರ ಕೊಡುತ್ತಿದ್ದಳು.

೧೯೬೧ನೆಯ ಇಸವಿಯ ಮಳೆಗಾಲ ಹಿಂದಾಗುತ್ತಿದ್ದಾಗ ತುಳಜಾರಾಮ ತಮ್ಮನನ್ನು ಕೂಡಿಸಿಕೊಂಡು ಕಡ್ಡಿ ಮುರಿದಂತೆ ಮಾತನಾಡಿದ. ದೀಪಾವಳಿ ಮುಗಿದೊಡನೆ ಹಿಂಡನ್ನು ಮೇವಿನ ಸೀಮೆಗೆ ಹೊಡೆದುಕೊಂಡು ಹೋಗಬೇಕು. ನಾಲ್ಕೈದು ತಿಂಗಳು ಬಯಲಿನಲ್ಲಿರುವ ಕೆಲಸ ಅದು. ಒಬ್ಬನಿಂದ ಆಗುವುದಲ್ಲ.

"ನೀ ಬರ್ತಿಯೋ ಇಲ್ಲೋ ದೀಪಾವಳಿಗಿ ಹೇಳಿಬಿಡು. ಬರಂಗಿಲ್ಲ ಅಂದ್ರ ನಿನ್ನ ಪಾಲಿನ ಕುರಿ ಮುಡಬಿ ಸೋದರಮಾವನ ಮಗನಿಗಿ ಒಪ್ಪಿಸ್ತೀನಿ. ಅಂವ ನನ್ನ ಜೋಡಿ ಬರ್ತಾನ. ಒಮ್ಮಿ ಕೊಟ್ಟ ಮ್ಯಾಗ ತಿರುಗಿ ಕೊಡು ಅನಬ್ಯಾಡ."

"ಅಣ್ಣಾ, ನನಗ ಕೆಲಸ ಇನ್ನಾ ಪೂರಾ ಬಂದದೋ ಇಲ್ಲೋ..."

"ಆರು ವರ್ಷದಾಗ ಬರಲಾರದ್ದು ಈಗ ಬರ್ತದೇನು? ಬಂದದ ಅಂದ್ರ ಅಲ್ಲೇ ಇರು. ಬಂದಿಲ್ಲ ಅಂದ್ರ ಕಂಬಳಿ ಹೊತಗೊಂಡು ನಡಿ. ನಡುವ ನಿಂದ್ರಬ್ಯಾಡ."

ಅದೇ ದಿನಗಳಲ್ಲಿ ಹಬೀಬ್ ಉಸ್ತಾದರ ಕಣ್ಣಿನಲ್ಲಿ ಪೊರೆ ಬಲಿತು, ಅವರು ಆಪರೇಷನ್ ಮಾಡಿಸಿಕೊಳ್ಳಲು ಹೈದರಾಬಾದಿಗೆ ಹೊರಟರು. ಬಸ್ಸು ಹತ್ತುವಾಗ ಶೆಡ್ಡಿನ ಚಾವಿಯನ್ನು ಪಂಡರಿಯ ಅಂಗೈಯಲ್ಲಿಟ್ಟು, "ಶೆಡ್ಡು ನಿಂದೇ ಅದ ಬೇಟಾ. ಯಾವ ಕೆಲಸಕ್ಕೂ ಇಲ್ಲ ಅನಬ್ಯಾಡ" ಎಂದರು. ಪಂಡರಿ ಹೂಂ ಎಂದ. ಈ ಒಂದು ತಿಂಗಳು ತಾನೊಬ್ಬನೇ ನಿಭಾಯಿಸಿದರೆ ಅಣ್ಣನಿಗೆ ಉತ್ತರ ತಾನಾಗಿಯೇ ಸಿಗುತ್ತದೆಂದು ಅವನಿಗೆ ಅನ್ನಿಸಿತು.

ಎಂಟು ದಿನ ಕಳೆಯುವಷ್ಟರಲ್ಲಿ ಬಸವಕಲ್ಯಾಣದಿಂದ ಕಾಶಿರಾಮ ಬಂದ. ಅವನು ಉರ್ದು ಕನ್ಯಾಶಾಲೆಯ ಶಿಕ್ಷಕಿ ತಾಹೇರಾ ಆಪಾ ಅವರ ಮನೆಯ ಡ್ರೈವರು. ತಲೆಯ ಮೇಲೆ ನಿಜಾಮರ ಕಾಲದ ಟೊಪ್ಪಿಗೆ, ಬಾಯಲ್ಲಿ ಸದಾ ಎಲೆಅಡಿಕೆ. ಅವನು ತಂದ ಕರಿಯ ಮೋಟಾರು ಆಪಾ ಅವರ ತಂದೆ ವಕೀಲರಾಗಿದ್ದಾಗ ಕೊಂಡದ್ದು, ಎರಡನೆಯ ಮಹಾಯುದ್ಧಕ್ಕಿಂತ ಹಿಂದಿನದು. ಬಾಗಿಲುಗಳು ಹಿಂದುಮುಂದಾಗಿ ತೆರೆಯುತ್ತಿದ್ದವು. ರೇಡಿಯೇಟರಿನ ನೀರು ಕುದಿಯುತ್ತಿತ್ತು. ಹೊಗೆಕೊಳವೆಯಿಂದ ಬಿಳಿಯ ಆವಿ ಬರುತ್ತಿತ್ತು.

ಪಂಡರಿ ನೋಡಿದೊಡನೆ ರೋಗ ಹಿಡಿದ. ಎಂಜಿನ್ನಿನ ಕೆಳಭಾಗ ಒಂದು ಕಬ್ಬಿಣದ ದಿಮ್ಮಿ. ಅದರಲ್ಲಿ ಒಂದೇ ಸಾಲಿನಲ್ಲಿ ನಾಲ್ಕು ಸಿಲಿಂಡರು. ಅವುಗಳ ಮೇಲೆ ಮುಚ್ಚಳದ ಹಾಗೆ ಕೂರುವುದು ಹೆಡ್ಡು. ಎರಡರ ನಡುವೆ ತಾಮ್ರದ ಹಾಳೆಯ ಪ್ಯಾಕಿಂಗು ಇರುತ್ತದೆ. ಒಳಗಿನ ಬೆಂಕಿಯೂ ಸುತ್ತಲಿನ ನೀರೂ ಒಂದನ್ನೊಂದು ಮುಟ್ಟದಂತೆ ನೋಡಿಕೊಳ್ಳುವುದು ಆ ಪ್ಯಾಕಿಂಗಿನ ಕೆಲಸ. ಅದು ಸುಟ್ಟಿತ್ತು. ಆಪಾ ಹೈದರಾಬಾದಿನಿಂದ ಹೊಸ ಪ್ಯಾಕಿಂಗು ಎರಡು ತರಿಸಿಟ್ಟಿದ್ದರು. ಕಾಶಿರಾಮ ಅವೆರಡನ್ನೂ ಜೊತೆಗೇ ತಂದಿದ್ದ.

"ಉಸ್ತಾದ್ ಇಲ್ಲೇನು?" ಎಂದು ಕಾಶಿರಾಮ ಶೆಡ್ಡಿನ ಒಳಗೆಲ್ಲ ಕಣ್ಣಾಡಿಸಿದ.

"ಇಲ್ರಿ ಕಾಕಾ. ನಾ ಮಾಡ್ತೀನಿ."

"ನೀ? ಎಂದಾರ ಹೆಡ್ಡ ಕೂಡಿಸೀ ಏನು?"

"ಭಾಳ ಕೂಡಿಸೀನ್ರಿ. ಹಳ್ಳಿಖೇಡದಾಗಿನ ಬಾವಿ ಎಂಜಿನ್ನೆಲ್ಲ ನಾನೇ ಮಾಡೀನಿ. ಗಿರಣಿ ಎಂಜಿನ್ನೂ ಮಾಡೀನಿ."

ಪಂಡರಿ ಹೇಳಿದ್ದು ಸುಳ್ಳಲ್ಲ. ಬಾವಿಯ ನೀರೆತ್ತುವ ಎಂಜಿನ್ನುಗಳ ಹೆಡ್ಡನ್ನು ಅವನು ಎಷ್ಟೋ ಸಲ ಬಿಚ್ಚಿ ಕೂಡಿಸಿದ್ದ. ಆದರೆ ಅವಕ್ಕೆಲ್ಲ ಒಂದೇ ಸಿಲಿಂಡರು, ನಾಲ್ಕೇ ಬೋಲ್ಟು, ಮೂಲೆಗೊಂದರಂತೆ. ಈ ಮೋಟಾರಿನ ಹೆಡ್ಡಿಗೆ ಹತ್ತು ಬೋಲ್ಟುಗಳು. ಸಾಲಿಗೆ ಐದರಂತೆ ಎರಡು ಸಾಲು. ಹತ್ತು ಬೋಲ್ಟಿನ ಹೆಡ್ಡು ಶೆಡ್ಡಿಗೆ ಬಂದಾಗಲೆಲ್ಲ ಬೋಲ್ಟು ಬಿಗಿಯುವ ಪಾನಾ ಹಿಡಿದವರು ಉಸ್ತಾದರು. ಪಂಡರಿ ಎದುರಿಗೆ ನಿಂತು ದೀಪ ಹಿಡಿದಿದ್ದ. ಉಸ್ತಾದರು ಮೊದಲು ನಾಲ್ಕು ಮೂಲೆಯ ಬೋಲ್ಟುಗಳನ್ನು ಬೆರಳಿನಿಂದಲೇ ತಿರುಗಿಸಿ ಕೂಡಿಸುತ್ತಿದ್ದುದನ್ನು ಅವನು ಕಂಡಿದ್ದ. ಆಮೇಲೆ ಅವರ ಕೈ ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ಹಾರುತ್ತಿತ್ತು. ಅದರಲ್ಲೊಂದು ಕ್ರಮವಿದೆ ಎಂದು ಅವನಿಗೆ ಹೊಳೆದಿರಲಿಲ್ಲ. ಮೂಲೆ ಮೊದಲು ಎಂಬುದಂತೂ ಅವನಿಗೆ ಯಾರೂ ಹೇಳಿಕೊಡಬೇಕಾದ ಮಾತಾಗಿರಲಿಲ್ಲ. ಕುರಿಯ ದೊಡ್ಡಿಗೆ ಬಲೆ ಕಟ್ಟುವಾಗ ಮೊದಲು ನಾಲ್ಕು ಮೂಲೆಗೆ ಗೂಟ ಹೊಡೆಯುತ್ತಾರೆ. ಹುಣಸೆಬೀಜದ ಗಂಜಿ ಹಾಕಿದ ಕಂಬಳಿಯನ್ನು ಬಿಸಿಲಿಗೆ ಹರಡುವಾಗಲೂ ಮೂಲೆಗಳನ್ನೇ ಮೊದಲು ಎಳೆದು ಬಿಗಿಯುತ್ತಾರೆ. ಮೂಲೆ ನಿಂತರೆ ನಡು ತಾನೇ ನಿಲ್ಲುತ್ತದೆ.

ಅವನು ಹಳೆಯ ಪ್ಯಾಕಿಂಗನ್ನು ಕೆರೆದು ತೆಗೆದ. ಎರಡೂ ಮೈಗಳನ್ನು ಕನ್ನಡಿಯ ಹಾಗೆ ಒರೆಸಿದ. ಹೊಸದನ್ನು ಹಾಸಿ ಹೆಡ್ಡು ಕೂಡಿಸಿದ. ನಾಲ್ಕು ಮೂಲೆಗಳನ್ನು ಉಸಿರು ಬಿಗಿಹಿಡಿದು ಬಿಗಿದ. ಬಳಿಕ ಅಂಚಿನಿಂದ ಒಳಗೆ ಬರುತ್ತ ಉಳಿದ ಆರನ್ನೂ ಮುಗಿಸಿದ. ಗಾಡಿ ಶುರುವಾದಾಗ ನೀರು ಕುದಿಯಲಿಲ್ಲ, ಆವಿ ಬರಲಿಲ್ಲ. ಕಾಶಿರಾಮ ಹಾರ್ನು ಬಾರಿಸಿ ಹೊರಟುಹೋದ. ಅವನ ಮಟ್ಟಿಗೆ ಅದೇ ಶಾಬಾಸ್.

ಎಂಟನೆಯ ದಿನ ಅದೇ ಗಾಡಿ ಒಂದು ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು.

"ಸಸ್ತಾಪುರದ ಏರಿನ್ಯಾಗ ಚಾ ಕಾಸಾಕತ್ತಿತ್ತು ನೋಡು ನಿನ್ನ ಎಂಜಿನ್" ಎಂದ ಕಾಶಿರಾಮ. "ಒಂದೀಟು ಸಕ್ರಿ, ಪುಡಿ ಹಾಕಿದ್ದರ ನಾಕ ಮಂದಿಗಿ ಆಗತಿತ್ತು."

ಬಿಚ್ಚಿ ನೋಡಿದರೆ ಪ್ಯಾಕಿಂಗು ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ನಡುವೆ ಸುಟ್ಟಿತ್ತು. ಸರಿಯಾಗಿ ನಟ್ಟನಡುವೆ. ಮೂಲೆಗಳ ಹತ್ತಿರ ತಾಮ್ರ ಹೊಸದರಂತೆಯೇ ಹೊಳೆಯುತ್ತಿತ್ತು. ಪಂಡರಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಬಿಗಿ ಸಾಲದೆ ಹೀಗಾಯಿತೆಂದು ತೀರ್ಮಾನಿಸಿ, ಎರಡನೆಯ ಪ್ಯಾಕಿಂಗು ಹಾಕುವಾಗ ಪಾನಾದ ಹಿಡಿಗೆ ಕೊಳವೆ ಸಿಕ್ಕಿಸಿ ಇನ್ನಷ್ಟು ಜೋರಾಗಿ ಬಿಗಿದ. ಮೂಲೆಯ ಬೋಲ್ಟುಗಳು ಕಿರ್ರೆಂದವು. ಈ ಸಲ ಗಾಡಿ ನಾಲ್ಕೇ ದಿನಕ್ಕೆ ಮರಳಿತು. ಸುಟ್ಟಿದ್ದು ಮತ್ತೆ ಅದೇ ಜಾಗ.

ಪಂಡರಿಯ ತಲೆ ಕೆಟ್ಟದ್ದು ಆಗ. ಸಡಿಲವಾಗಿದ್ದಾಗಲೂ ಸುಟ್ಟಿತು, ಬಿಗಿಯಾದಾಗ ಇನ್ನೂ ಬೇಗ ಸುಟ್ಟಿತು. ಹಾಗಾದರೆ ಬಿಗಿಯಬೇಕೋ, ಬಿಗಿಯಬಾರದೋ?

ಶೆಡ್ಡಿಗೆ ಬಂದವರೆಲ್ಲ ಒಂದೊಂದು ಹೇಳಿದರು. ಲಾರಿ ತೋರಿಸಲು ನಿಂತಿದ್ದ ಒಬ್ಬ ಸರ್ದಾರ್ಜಿ, ಪ್ಯಾಕಿಂಗಿಗೆ ಬೆಳ್ಳಿಬಣ್ಣ ಬಳಿಯಬೇಕು ಎಂದ. ಮತ್ತೊಬ್ಬ, ಬಣ್ಣ ಬಳಿದದ್ದರಿಂದಲೇ ತನ್ನ ಲಾರಿ ಕೆಟ್ಟಿತು ಎಂದ. ಕಾಶಿರಾಮ ಎಂಜಿನ್ನು ಕಾದಿರುವಾಗ ಬಿಗಿಯಬೇಕೆಂದು ಬೆಳಗ್ಗೆ ಹೇಳಿ, ಮಧ್ಯಾಹ್ನ ಊಟವಾದ ಮೇಲೆ ತಣ್ಣಗಿರುವಾಗ ಬಿಗಿಯಬೇಕೆಂದ.

"ಕಾಕಾ, ಮುಂಜಾನಿ ಬಿಸಿ ಅಂದ್ರಿ."

"ಮುಂಜಾನಿ ಅಂದಿದ್ದು ಮುಂಜಾನಿ ಆತು. ನೀ ಮಿಸ್ತ್ರಿ ಇದ್ದೀಯೋ ನಾ ಮಿಸ್ತ್ರಿ ಇದ್ದೀನೋ?"

ಆಪಾ ಮೂರನೆಯ ಪ್ಯಾಕಿಂಗಿಗೆ ಬರೆದರು. ಹೈದರಾಬಾದಿನ ಅಂಗಡಿಯವನು ಒಂದನ್ನು ಕಳಿಸಿ, ಇದೇ ಕೊನೆಯದು, ಈ ಗಾಡಿಯ ಸಾಮಾನು ಈಗ ಎಲ್ಲಿಯೂ ಬರುವುದಿಲ್ಲ ಎಂದು ಚೀಟಿ ಇಟ್ಟಿದ್ದ. ಆ ಚೀಟಿಯನ್ನು ಕಾಶಿರಾಮ ಪಂಡರಿಗೆ ಓದಿ ಹೇಳಿ, ಪ್ಯಾಕಿಂಗನ್ನು ಗೋಡೆಯ ಮೊಳೆಗೆ ತೂಗುಹಾಕಿದ.

"ಇದೂ ಸುಟ್ಟರ ಆಪಾ ಗಾಡಿ ಗುಜರಿಯವರಿಗಿ ಕೊಟ್ಟುಬಿಡ್ತಾರಂತ. ನಾ ಮನ್ಯಾಗ ಕುಂದ್ರತೀನಿ. ನೀ ಏನ್ಮಾಡ್ತಿ?"

ಪಂಡರಿ ಮೊಳೆಯ ಕಡೆ ನೋಡಿದ. ತಾನು ಏನು ಮಾಡಬೇಕಾಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ದೀಪಾವಳಿಗೆ ಇನ್ನು ಹದಿನೈದು ದಿನಗಳಿದ್ದವು.

ಆ ಭಾನುವಾರ ಅವನು ಊರಿಗೆ ಹೋದ. ಅಣ್ಣ ಹಿಂಡನ್ನು ಹೊಸ ಹೊಲದಲ್ಲಿ ತರುಬಲು ಬಲೆ ಕಟ್ಟುತ್ತಿದ್ದ. ಪಂಡರಿಯೂ ಸುತ್ತಿಗೆ ತೆಗೆದುಕೊಂಡು ಒಂದು ಮೂಲೆಯ ಗೂಟ ಹೊಡೆದ. ಅದು ನೆಟ್ಟಗೆ ನಿಂತಿತು, ಬಲೆ ನಡುವಿನಲ್ಲಿ ಎಲ್ಲಿಯೂ ಜೋಲಲಿಲ್ಲ. ಅದನ್ನು ನೋಡುತ್ತ ಅವನು ಬಹಳ ಹೊತ್ತು ನಿಂತ. ಇಲ್ಲಿ ಸರಿಯಾಗುವುದು ಅಲ್ಲಿ ಯಾಕೆ ತಪ್ಪಾಗುತ್ತದೆ?

ಧೂಳಮ್ಮ ರೊಟ್ಟಿ ಗಂಟು ತಂದವಳು ಅವನ ಮುಖ ನೋಡಿದಳು. "ಏನಾಗ್ಯಾದ್ರಿ?"

"ಏನಿಲ್ಲ. ಒಂದು ಗಾಡಿ ಅದ."

"ಗಾಡಿ ಇದ್ದಿದ್ದೇ ಅದ. ನನಗ ಒಂದ ಮಾತು ಹೇಳ್ರಿ. ನಾ ಇಲ್ಲಿ ಕುರಿ ಹಿಂದ ಹೋಗ್ಲೋ, ಅಲ್ಲಿ ನಿಮ್ಮ ಹಿಂದ ಬರ್ಲೋ? ನಿಮ್ಮ ಅತ್ತಿಗಿ ಗಂಟು ಕಟ್ಟಾಕತ್ತಾಳ. ನಾ ನನ್ನ ಅರಿಬಿ ಯಾವ ಗಂಟಿನ್ಯಾಗ ಇಡ್ಲಿ?"

"ದೀಪಾವಳಿಗಿ ಹೇಳ್ತೀನಿ."

"ನಿಮಗ ಗೊತ್ತಿದ್ದರ ಇವತ್ತೇ ಹೇಳ್ತಿದ್ರಿ" ಎಂದು ಅವಳು ರೊಟ್ಟಿ ಬಿಚ್ಚಿದಳು.

ಹುಮನಾಬಾದಕ್ಕೆ ಮರಳಿದ ಪಂಡರಿ ಬಸ್ ಡಿಪೋದಲ್ಲಿ ಫಿಟ್ಟರಾಗಿದ್ದ ಸೂರ್ಯಕಾಂತನ ಹತ್ತಿರ ಹೋದ. ಸೂರ್ಯಕಾಂತ ಶಾಲೆ ಕಲಿತವನು. ಅವನಲ್ಲಿ ಅಳತೆಯ ಪಾನಾ ಇತ್ತು. ಉದ್ದನೆಯ ಹಿಡಿ, ಅದರ ಮೇಲೆ ಒಂದು ಮುಳ್ಳು, ಮುಳ್ಳಿನ ಕೆಳಗೆ ಅಂಕಿಗಳ ಪಟ್ಟಿ. ಬೋಲ್ಟನ್ನು ಬಿಗಿಯುತ್ತ ಹೋದಂತೆ ಮುಳ್ಳು ಸರಿದು, ಎಷ್ಟು ಬಿಗಿಯಾಯಿತೆಂದು ತೋರಿಸುತ್ತದೆ.

"ಇದು ಪೌಂಡು-ಫೂಟಿನ ಲೆಕ್ಕ" ಎಂದ ಸೂರ್ಯಕಾಂತ. "ಅಷ್ಟು ಸಣ್ಣ ಎಂಜಿನ್ನಿಗಿ ನಲವತ್ತು ಸಾಕು."

"ಪೌಂಡು ಅಂದ್ರ ತೂಕಲ್ಲೇನು ಅಣ್ಣಾ? ಫೂಟು ಅಂದ್ರ ಉದ್ದ. ತೂಕಾನೂ ಉದ್ದಾನೂ ಕೂಡಿ ಬಿಗಿ ಹ್ಯಾಂಗ ಆಗ್ತದ?"

"ಒಂದು ಫೂಟಿನ ಹಿಡಿಗಿ ನಲವತ್ತು ಪೌಂಡು ತೂಕ ತೂಗಬಿಟ್ಟರ ಎಷ್ಟು ಜಗ್ತದೋ ಅಷ್ಟು."

ಪಂಡರಿ ನಂಬಲಿಲ್ಲ. ಯಾವುದನ್ನೂ ತಾನೇ ಮಾಡಿ ನೋಡುವವನು ಅವನು. ಕಿರಾಣಿ ಅಂಗಡಿಯಿಂದ ತೂಕದ ಕಲ್ಲು ಕೇಳಿ ತಂದ. ಆ ವರ್ಷ ಅಂಗಡಿಗಳಲ್ಲಿ ಸೇರೂ ಇತ್ತು, ಹೊಸ ಕಿಲೋವೂ ಇತ್ತು. ಪೌಂಡು ಮಾತ್ರ ಇರಲಿಲ್ಲ. ಸೂರ್ಯಕಾಂತ ನೆಲದ ಮೇಲೆ ಇದ್ದಿಲಿನಿಂದ ಬರೆದು ಹದಿನೆಂಟು ಕಿಲೋ ಎಂದ. ಹಳೆಯ ಎಂಜಿನ್ನಿನ ತುಕ್ಕು ಹಿಡಿದ ಬೋಲ್ಟಿಗೆ ಪಾನಾ ಸಿಕ್ಕಿಸಿ, ಬೋಲ್ಟಿನಿಂದ ಒಂದು ಫೂಟು ದೂರದಲ್ಲಿ ಕಲ್ಲಿನ ಚೀಲ ಕಟ್ಟಿದಾಗ ಮುಳ್ಳು ನಲವತ್ತರ ಹತ್ತಿರವೇ ನಿಂತಿತು. ಪಂಡರಿಗೆ ಪಾನಾದ ಮೇಲೆ ಗೌರವ ಬಂತು, ತಲೆಯೊಳಗಿನ ಗೋಜಲು ಮಾತ್ರ ಬಿಚ್ಚಿಕೊಳ್ಳಲಿಲ್ಲ. ಸೂರ್ಯಕಾಂತನಿಂದ ಆ ಪಾನಾವನ್ನು ಕೆಲವು ದಿನಗಳಿಗೆ ಎರವಲು ಪಡೆದು ಶೆಡ್ಡಿಗೆ ತಂದ.

ಕೊನೆಯ ಪ್ಯಾಕಿಂಗನ್ನು ಮುಟ್ಟದೆ, ಸುಟ್ಟ ಪ್ಯಾಕಿಂಗನ್ನೇ ಹಾಸಿ ಅವನು ಅಭ್ಯಾಸಕ್ಕೆ ಬಿಗಿದು ನೋಡಿದ. ಮೊದಲ ಮೂಲೆಯನ್ನು ನಲವತ್ತಕ್ಕೆ ತಂದ. ಹೀಗೆಯೇ ಒಂದೊಂದಾಗಿ ಹತ್ತನ್ನೂ ತಂದ. ಸುಮ್ಮನೆ ಒಮ್ಮೆ ನೋಡೋಣವೆಂದು ಮೊದಲ ಮೂಲೆಗೆ ಪಾನಾ ಹಾಕಿದರೆ ಬೋಲ್ಟು ಇಪ್ಪತ್ತೈದಕ್ಕೇ ತಿರುಗತೊಡಗಿತು! ಅದನ್ನು ನಲವತ್ತಕ್ಕೆ ತಂದರೆ ನಡುವಿನದು ಸಡಿಲ. ನಡುವಿನದನ್ನು ಬಿಗಿದರೆ ಆಚೆಯ ಮೂಲೆ ಸಡಿಲ. ಮಧ್ಯಾಹ್ನವೆಲ್ಲ ಅವನು ಆ ಎಂಜಿನ್ನಿನ ಸುತ್ತ ತಿರುಗಿದ. ಹತ್ತು ಬೋಲ್ಟುಗಳಲ್ಲಿ ಯಾವುದೋ ಒಂದು ಅವನನ್ನು ನೋಡಿ ನಗುತ್ತಲೇ ಇತ್ತು. ಪಾನಾ ಸುಳ್ಳು ಹೇಳುತ್ತಿದೆಯೋ, ಬೋಲ್ಟು ಸುಳ್ಳು ಹೇಳುತ್ತಿದೆಯೋ, ತನಗೇ ಎಣಿಸಲು ಬರುತ್ತಿಲ್ಲವೋ? ಸಂಜೆ ಪಾನಾ ಕೆಳಗಿಟ್ಟು ಗಾಡಿಯ ಮೆಟ್ಟಿಲ ಮೇಲೆ ಕುಳಿತ. ಅಣ್ಣನಿಗೆ ಹೇಳಬೇಕಾದ ಮಾತು ಗಂಟಲಿಗೆ ಬಂದುಬಿಟ್ಟಿತ್ತು: ಬರ್ತೀನಣ್ಣಾ, ಕಂಬಳಿ ತೆಗೆದಿಡು.

ಮರುದಿನ ಬೆಳಗಿನ ಬಸ್ಸಿಗೆ ಉಸ್ತಾದರು ಬಂದಿಳಿದರು. ಕಣ್ಣಿನ ಮೇಲೆ ಹಸಿರು ಬಟ್ಟೆಯ ಮರೆ ಕಟ್ಟಿತ್ತು. ಇನ್ನೊಂದು ತಿಂಗಳು ಬೆಳಕು ನೋಡಬಾರದು, ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರರ ಕಟ್ಟಪ್ಪಣೆ. ಪಂಡರಿ ಅವರ ಕೈಹಿಡಿದು ಶೆಡ್ಡಿಗೆ ಕರೆತಂದು ಹಗ್ಗದ ಹೊರಸಿನ ಮೇಲೆ ಕೂಡಿಸಿದ. ನಡೆದದ್ದನ್ನೆಲ್ಲ ಹೇಳಿದ.

ಉಸ್ತಾದರು ಹಸಿರು ಬಟ್ಟೆಯ ಕೆಳಗಿಂದಲೇ ಮುಖ ಅವನತ್ತ ತಿರುಗಿಸಿ ಕೇಳಿದರು. "ಎಲ್ಲಿಂದ ಶುರು ಮಾಡ್ತಿ?"

"ಮೂಲಿಂದ್ರಿ."

"ಮೂಲಿಂದ? ಯಾಕ?"

"ಮೂಲಿ ಮೊದಲ ಹಿಡಕೊಂಡ್ರ ಅಲುಗ್ಯಾಡಂಗಿಲ್ಲಲ್ರಿ."

"ಅರೆ, ಹೆಡ್ಡ ಅಂದ್ರ ಕುರಿ ಏನೋ, ಬಲಿ ಹಾರಿ ಓಡಿ ಹೋಗಾಕ?" ಎಂದವರೇ ಉಸ್ತಾದರು ಜೋರಾಗಿ ನಕ್ಕರು. ಡಾಕ್ಟರರು ನಗಬಾರದೆಂದೂ ಹೇಳಿದ್ದು ನೆನಪಾಗಿ ಕಣ್ಣಿಗೆ ಕೈ ಒತ್ತಿ ನಿಲ್ಲಿಸಿದರು. "ನಡುವಿಂದ ಶುರು ಮಾಡಬೇಕು ಬೇಟಾ. ನಟ್ಟನಡುವ. ಆ ಕಡಿ ಒಂದು, ಈ ಕಡಿ ಒಂದು. ಆಮ್ಯಾಗ ಹೊರಗ ಹೊರಗ ಹೋಗಬೇಕು. ಮೂಲಿ ಎಲ್ಲಾಕ್ಕಿಂತ ಆಖ್ರಿ."

"ಆದ್ರ ನೀವು ಮೂಲಿ ಮೊದಲ ಹಾಕತಿದ್ರಿ. ನಾ ನೋಡೀನಿ."

"ಬೆರಳಿಲೆ ಹಾಕತಿದ್ದೆ, ಹೆಡ್ಡ ಸರಿಯಬಾರದಂತ. ಬಿಗಿತಿದ್ದಿಲ್ಲ. ಆರು ವರ್ಷ ದೀಪ ಹಿಡಕೊಂಡು ನೀ ಏನು ನೋಡ್ದಿ?"

ಪಂಡರಿ ಹೆಡ್ಡಿನ ಮೂಲೆಯನ್ನು ಬೆರಳಿನಿಂದ ಸವರಿದ. ಅವನಿಗೆ ಇನ್ನೂ ಒಪ್ಪಿಗೆಯಾಗಿರಲಿಲ್ಲ. "ಕಂಬಳಿ ಬಿಸಲಿಗಿ ಹಾಕುವಾಗ ಮೂಲಿ ಮೊದಲ ಜಗ್ಗತೀವಿ ಉಸ್ತಾದ್. ನಡು ಸುಕ್ಕ ಬೀಳಂಗಿಲ್ಲ. ಇಲ್ಲಿ ಯಾಕ ಬೀಳ್ತದ?"

ಉಸ್ತಾದರು ಎರಡು ಅಂಗೈಗಳನ್ನು ಒಂದರ ಮೇಲೊಂದಿಟ್ಟು ಒತ್ತಿ ನೋಡಿದರು. ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ.

"ಕಂಬಳಿ ನೀ ಹೊರಗ ಜಗ್ಗತಿ" ಎಂದರು ಕೊನೆಗೆ. "ಇದು ಜಗ್ಗೋ ಕೆಲಸ ಅಲ್ಲ, ಒತ್ತೋ ಕೆಲಸ. ತಾಮ್ರದ ಹಾಳಿ ಒತ್ತಿದಂಗ ಹರವಾಗಬೇಕು, ಸರಿಯಾಕ ಜಾಗ ಬೇಕು. ನಾಕೂ ಮೂಲಿ ಮೊದಲ ಬಂದ್ ಮಾಡ್ದಿ ಅಂದ್ರ ಅದು ಎಲ್ಲಿ ಹೋಗಬೇಕು? ನಡುವ ಉಬ್ಬಿ ಕುಂದ್ರತದ. ಮ್ಯಾಗ ಹೆಡ್ಡೂ ಬಾಗ್ತದ. ಬೆಂಕಿಗಿ ದಾರಿ ಆತಲ್ಲ."

"ಹಂಗಾರ ಬಾವಿ ಎಂಜಿನ್ನಿಗಿ ಏನೂ ಆಗಲಿಲ್ಲ..."

"ಅದಕ್ಕ ನಡು ಅನ್ನೋದೇ ಇಲ್ಲಲ್ಲೋ ಮಾರಾಯಾ. ನಾಕೇ ಬೋಲ್ಟು." ಉಸ್ತಾದರು ನಿಟ್ಟುಸಿರು ಬಿಟ್ಟರು. "ನಂದೂ ತಪ್ಪದ. ಹೆಡ್ಡ ಬಿಗಿಯಾಕ ನಿನ್ನ ಕೈಗಿ ಪಾನಾ ಕೊಡಲಿಲ್ಲ. ಕೆಡಿಸ್ತಿ ಅಂತ ಅಂಜಿದೆ. ಈಗ ನನ್ನ ಕೈಗೇ ಪಾನಾ ಇಲ್ಲ."

ಮೂರನೆಯ ಪ್ಯಾಕಿಂಗನ್ನು ಅಂದೇ ಹಾಸಿದರು. ಹಾಸುವ ಮುನ್ನ ಪಂಡರಿ ಹೆಡ್ಡಿನ ಮೈಯ ಮೇಲೆ ಗಾಜಿನ ತುಂಡು ಇಟ್ಟು, ಅದು ಬಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದ. ಕಾಗದ ತೂರುವಷ್ಟೂ ಸಂದಿ ಕಾಣಲಿಲ್ಲ. ಎರಡು ಮೂಲೆಯ ಬೋಲ್ಟುಗಳು ಜಗ್ಗಿ ಉದ್ದವಾಗಿದ್ದವು, ಅವನ್ನು ಬದಲಿಸಿದ. ಉಸ್ತಾದರು ಹೊರಸಿನ ಮೇಲಿಂದಲೇ ಹೇಳುತ್ತ ಹೋದರು. ಮೊದಲ ಸುತ್ತು ಹಗುರ. ಎರಡನೆಯದು ಅರ್ಧ. ಮೂರನೆಯದು ಪೂರ. ಒಂದೇ ಸಲಕ್ಕೆ ಯಾವುದನ್ನೂ ಮುಗಿಸಬೇಡ. ಪಂಡರಿ ನಡುವಿನ ಎರಡು ಬೋಲ್ಟುಗಳಿಂದ ಶುರುಮಾಡಿದ. ಅವನ ಕೈ ಮಾತ್ರ ಪ್ರತಿ ಸಲವೂ ಮೂಲೆಗೇ ಓಡುತ್ತಿತ್ತು. ಎರಡು ಸಲ ಪಾನಾವನ್ನು ಮೂಲೆಯ ತಲೆಗೆ ಕೂಡಿಸಿ, ನಾಲಿಗೆ ಕಚ್ಚಿಕೊಂಡು ತೆಗೆದ.

ಮೂರನೆಯ ಸುತ್ತಿನಲ್ಲಿ ಹತ್ತೂ ನಲವತ್ತಕ್ಕೆ ಬಂದವು. ಮತ್ತೊಮ್ಮೆ ಸುತ್ತಿದ. ಒಂದೂ ಹಿಂದೆ ಬಿದ್ದಿರಲಿಲ್ಲ. ಅವನು ನಂಬಲಾರದೆ ಮೂರನೆಯ ಸಲ ನೋಡಿದ.

"ತಾ, ಕೈ ಹಚ್ಚತೀನಿ" ಎಂದು ಉಸ್ತಾದರು ತಡವರಿಸುತ್ತ ಎದ್ದು ಬಂದರು. ನಿಂತುಕೊಂಡೇ ತಮ್ಮ ಹಳೆಯ ಪಾನಾವನ್ನು ನಡುವಿನ ಬೋಲ್ಟಿಗೆ ಹಾಕಿ ಮಣಿಕಟ್ಟಿನಿಂದ ಅಳೆದರು. "ಕಮ್ಮಿ ಅದ. ಇನ್ನಾ ಒಂದೀಟು ಬೇಕು."

ಪಂಡರಿ ಗೊಂದಲಕ್ಕೆ ಬಿದ್ದ. ಮುಳ್ಳು ಸಾಕೆನ್ನುತ್ತದೆ, ಉಸ್ತಾದರ ಕೈ ಸಾಲದೆನ್ನುತ್ತದೆ. ನಲವತ್ತು ಸಾಕೆಂದ ಸೂರ್ಯಕಾಂತ ಈ ಗಾಡಿಯನ್ನು ಕಂಡವನೇ ಅಲ್ಲ. ಉಸ್ತಾದರ ಕೈ ಮೂವತ್ತು ವರ್ಷದ್ದು. ಆದರೆ ಕೊಳವೆ ಸಿಕ್ಕಿಸಿ ಬಿಗಿದಾಗ ಮೂಲೆಯ ಬೋಲ್ಟುಗಳು ಕಿರ್ರೆಂದ ಸದ್ದು ಅವನ ಕಿವಿಯಲ್ಲಿ ಇನ್ನೂ ಇತ್ತು. ಮೊಳೆಯ ಮೇಲೆ ಇನ್ನೊಂದು ಪ್ಯಾಕಿಂಗು ಇರಲಿಲ್ಲ.

"ಬ್ಯಾಡ್ರಿ ಉಸ್ತಾದ್" ಎಂದ. "ಹತ್ತೂ ಒಂದೇ ಸಮ ಅವ. ಇರಲಿ."

"ನಾ ಹೇಳಾಕತ್ತೀನಿ, ಕಮ್ಮಿ ಅದ."

"ಇರಲ್ರಿ."

ಆರು ವರ್ಷದಲ್ಲಿ ಅವನು ಉಸ್ತಾದರಿಗೆ ಬೇಡವೆಂದದ್ದು ಅದೇ ಮೊದಲು. ಉಸ್ತಾದರು ಪಾನಾವನ್ನು ಒರೆಸಿ, ಹೊರಸಿಗೆ ಹಿಂದಿರುಗಿ, ಗೋಡೆಯ ಕಡೆ ತಿರುಗಿ ಮಲಗಿದರು. ಅವರು ಸಿಟ್ಟಾಗಿದ್ದಾರೋ ಕಣ್ಣು ನೋಯುತ್ತಿದೆಯೋ ಅವನಿಗೆ ತಿಳಿಯಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

ಸಂಜೆ ಕಾಶಿರಾಮ ಗಾಡಿ ತೆಗೆದುಕೊಂಡು ಹೋಗುವಾಗ ಪಂಡರಿ ಒತ್ತಿ ಹೇಳಿದ: "ಕಾಕಾ, ಎಂಟು ದಿನ ಓಡಿಸಿ ತರ್ರಿ. ಹೊಸ ಪ್ಯಾಕಿಂಗು ಕೂತ ಮ್ಯಾಗ ಬೋಲ್ಟು ಒಮ್ಮಿ ತಿರುಗಿ ನೋಡಬೇಕು. ಎಂಜಿನ್ ಪೂರಾ ತಣ್ಣಗ ಇರಬೇಕು, ನೆನಪಿಡ್ರಿ. ಪೂರಾ ತಣ್ಣಗ."

"ನೆನಪಿರ್ತದ. ತಣ್ಣಗ."

ಎಂಟು ದಿನವಾಯಿತು, ಗಾಡಿ ಬರಲಿಲ್ಲ. ಒಂಬತ್ತಾಯಿತು. ಹತ್ತನೆಯ ದಿನವೂ ರಸ್ತೆ ಖಾಲಿ. ಬರಲಿಲ್ಲವೆಂದರೆ ಚೆನ್ನಾಗಿ ಓಡುತ್ತಿದೆಯೆಂದೋ, ಎಲ್ಲೋ ನಿಂತುಹೋಗಿದೆಯೆಂದೋ? ಬೇರೆ ಮಿಸ್ತ್ರಿಯ ಹತ್ತಿರ ಹೋಗಿದೆಯೋ? ಗುಜರಿಯವನು ಬಂದು ಎಳೆದುಕೊಂಡು ಹೋದನೋ? ಬಸವಕಲ್ಯಾಣದ ಕಡೆಯಿಂದ ಬರುವ ಬಸ್ಸಿನ ಕಂಡಕ್ಟರರನ್ನೆಲ್ಲ ಅವನು ಕೇಳಿದ. ಒಬ್ಬ ಆ ಕರಿಯ ಗಾಡಿಯನ್ನು ನಿನ್ನೆ ಕಂಡೆನೆಂದ, ಓಡುತ್ತಿತ್ತೋ ನಿಂತಿತ್ತೋ ಎಂದರೆ ನೆನಪಿಲ್ಲವೆಂದ. ನರಕಚತುರ್ದಶಿಗೆ ಎರಡು ದಿನ ಉಳಿದಾಗ ತುಳಜಾರಾಮ ಬಸ್ಸಿನವನ ಕೈಯಲ್ಲಿ ಹೇಳಿ ಕಳಿಸಿದ. ಮುಡಬಿಯ ಹುಡುಗ ಬಂದು ಕುಳಿತಿದ್ದಾನೆ, ಬೇಗ ತಿಳಿಸು.

ಪಂಡರಿ ಅಳತೆಯ ಪಾನಾವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬೆಳಗಿನ ಮೊದಲ ಬಸ್ಸಿಗೆ ಬಸವಕಲ್ಯಾಣಕ್ಕೆ ಹೊರಟ. ಉಸ್ತಾದರು ಹೊರಸಿನ ಮೇಲೆ ಎದ್ದು ಕುಳಿತು, "ಪಾನಾ ತಗೊಂಡಿ ಏನು?" ಎಂದು ಮಾತ್ರ ಕೇಳಿದರು.

ಆಪಾ ಅವರ ಮನೆಯ ಅಂಗಳದಲ್ಲಿ ಗಾಡಿ ನಿಂತಿತ್ತು. ಕಾಶಿರಾಮ ಅದರ ಗಾಲಿ ತೊಳೆಯುತ್ತಿದ್ದ. ಪಂಡರಿಯನ್ನು ಕಂಡು ಆಶ್ಚರ್ಯಪಟ್ಟ.

"ಏನೋ, ಇಷ್ಟು ದೂರ?"

"ಗಾಡಿ ಯಾಕ ತರಲಿಲ್ಲ ಕಾಕಾ? ಹತ್ತು ದಿನ ಆತು! ಕೆಟ್ಟದೇನು?"

"ಕೆಡಾಕೇನಾಗ್ಯಾದ? ಬೀದರಕ್ಕ ಹೋಗಿ ಬಂದೆ, ಸಸ್ತಾಪುರದ ಏರು ನಾಕ ಸಲ ಹತ್ತಿದೆ. ನೀರು ಕುದೀಲಿಲ್ಲ."

"ಮತ್ತ ತರಬೇಕಿಲ್ಲೇನು?"

ಕಾಶಿರಾಮ ಚಿಂದಿ ಹಿಂಡಿ, ಬುದ್ಧಿ ಕಡಿಮೆಯವನಿಗೆ ತಿಳಿಸುವಂತೆ ನಿಧಾನವಾಗಿ ಹೇಳಿದ: "ನೀ ಏನಂದಿ? ಎಂಜಿನ್ ಪೂರಾ ತಣ್ಣಗ ಇರಬೇಕು ಅಂದಿ. ಇಲ್ಲಿಂದ ಹುಮನಾಬಾದಕ ಓಡಿಸಿಕೊಂಡು ಬಂದ್ರ ಎಂಜಿನ್ ಬಿಸಿ ಆಗ್ತದ. ಬಿಸಿ ಗಾಡಿ ತಂದು ಏನ್ ಮಾಡ್ಲಿ? ತಣ್ಣಗ ತರಬೇಕಂದ್ರ ಎತ್ತು ಹೂಡಬೇಕು. ದಿನಾ ಮುಂಜಾನಿ ಎದ್ದು ಇದೇ ಇಚಾರ ಮಾಡಾಕತ್ತೀನಿ, ಒಟ್ಟ ತಿಳೀವಲ್ದು."

ಹುಮನಾಬಾದಕ್ಕೆ ತಂದು ರಾತ್ರಿ ಬಿಟ್ಟುಹೋದರೆ ಬೆಳಗ್ಗೆ ತಣ್ಣಗಾಗುತ್ತದೆ ಎಂದು ಪಂಡರಿ ಹೇಳಿರಲಿಲ್ಲ, ಅದು ನಿಜ. ಎಂಜಿನ್ನಿನ ಮೇಲೆ ಅಂಗೈ ಇಟ್ಟ. ರಾತ್ರಿಯ ತಂಪು ಇನ್ನೂ ಇತ್ತು. ಕಂಬಳಿ ಬಿಚ್ಚಿ ಪಾನಾ ತೆಗೆದು ನಡುವಿನ ಬೋಲ್ಟಿಗೆ ಹಾಕಿದ. ಅದು ಮೂವತ್ತೆಂಟಕ್ಕೆ ಅಲುಗಿತು. ಎದುರಿನದೂ ಅಷ್ಟೇ. ನಡುವಿನಿಂದ ಹೊರಕ್ಕೆ ಬರುತ್ತ ಹತ್ತನ್ನೂ ಮತ್ತೆ ನಲವತ್ತಕ್ಕೆ ತಂದ. ಈ ಸಲ ಅವನ ಕೈ ಮೂಲೆಗೆ ಓಡಲಿಲ್ಲ.

ತಾಹೇರಾ ಆಪಾ ಶಾಲೆಗೆ ಹೊರಟವರು ಅಂಗಳದಲ್ಲಿ ನಿಂತರು. ತೆಳ್ಳಗಿನ, ಗಂಭೀರ ಹೆಣ್ಣುಮಗಳು.

"ಮಿಸ್ತ್ರಿ ನೀವೇನು?"

"ಹೌದ್ರಿ ಆಪಾ."

"ಖರೆ ಹೇಳ್ರಿ. ಇದು ಈಗ ನಿಂದ್ರತದೇನು, ಇಲ್ಲೋ? ಇನ್ನೊಂದು ಪ್ಯಾಕಿಂಗು ಸಿಗಂಗಿಲ್ಲ."

ನಿಂದ್ರತದ್ರಿ ಎನ್ನಬೇಕೆಂದು ಕಾಶಿರಾಮ ಅವರ ಹಿಂದೆ ನಿಂತು ತಲೆಯಾಡಿಸಿದ. ಪಂಡರಿ ಬಾಯಿ ತೆರೆದ. ಹೌದೆನ್ನಲು ಅವನಿಗೆ ಬರಲಿಲ್ಲ.

"ಗೊತ್ತಿಲ್ರಿ ಆಪಾ. ಉಸ್ತಾದ್ರು ಬಿಗಿ ಕಮ್ಮಿ ಅದ ಅಂತಾರ. ನನಗ ಸಾಕು ಅನಸ್ತದ. ತಿಂಗಳಿಗೊಮ್ಮಿ ತಣ್ಣಗಿದ್ದಾಗ ನೋಡಬೇಕು. ನೋಡಿಕೋತ ಹೋದ್ರ ನಿಂದ್ರಬಹುದು."

"ಹಿಂದಿನ ಎರಡು ಸಲ ನಿಂದ್ರತದ ಅಂತ ಹೇಳಿ ಕಳಿಸಿದ್ರಿ" ಎಂದರು ಆಪಾ. "ಸರಿ. ಪ್ರತಿ ತಿಂಗಳು ಮೊದಲ ಶುಕ್ರವಾರ ಮುಂಜಾನೆ ಬರ್ರಿ. ನೀವೇ ಬರಬೇಕು. ಕಾಶಿರಾಮ, ಆ ದಿನ ಗಾಡಿ ತೆಗೀಬ್ಯಾಡ್ರಿ."

ಅಲ್ಲಿಂದ ಪಂಡರಿ ಹುಮನಾಬಾದದಲ್ಲಿ ಇಳಿಯದೆ ನೇರವಾಗಿ ಘಾಟಬೋರಾಳಕ್ಕೆ ಹೋದ. ತುಳಜಾರಾಮ ಕಟ್ಟೆಯ ಮೇಲೆ ಕುಳಿತು ಬಲೆಯ ಹರಿದ ಕಣ್ಣುಗಳನ್ನು ಗಂಟು ಹಾಕುತ್ತಿದ್ದ. ಪಕ್ಕದಲ್ಲಿ ಮುಡಬಿಯ ಹುಡುಗನಿದ್ದ.

"ಕುರಿ ಅವನಿಗಿ ಕೊಡು ಅಣ್ಣಾ" ಎಂದ ಪಂಡರಿ.

ತುಳಜಾರಾಮ ಬಲೆಯಿಂದ ಕಣ್ಣೆತ್ತಿದ. "ಗಾಡಿ ದುರಸ್ತ ಆತೇನು?"

"ಗೊತ್ತಿಲ್ಲ. ಮುಂದಿನ ತಿಂಗಳು ನಾನೇ ಹೋಗಿ ನೋಡಬೇಕಾಗ್ಯಾದ. ಅದರ ಮುಂದಿನ ತಿಂಗಳೂ."

"ಗೊತ್ತಿಲ್ಲಾರದವ ಮಿಸ್ತ್ರಿ ಹ್ಯಾಂಗ ಆಗ್ತಿಯೋ?"

"ಅದೂ ಗೊತ್ತಿಲ್ಲಣ್ಣಾ. ಆದ್ರ ಬ್ಯಾರೇ ಯಾರನ್ನೂ ಕರಿಯಾಕತ್ತಿಲ್ಲ ಅವರು."

ತುಳಜಾರಾಮ ಗಂಟನ್ನು ಹಲ್ಲಿನಿಂದ ಎಳೆದು ಬಿಗಿದ. ಬಲೆಯ ಇನ್ನೊಂದು ತುದಿಯನ್ನು ಮುಡಬಿಯ ಹುಡುಗನ ಕೈಗೆ ಕೊಟ್ಟ.

ಒಳಗೆ ಧೂಳಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅತ್ತಿಗೆಯ ಗಂಟಿನಿಂದ ತನ್ನ ಎರಡು ಸೀರೆಗಳನ್ನು ಹೊರತೆಗೆದು ಮಡಚುತ್ತ ಹೊರಗೆ ಬಂದಳು. "ಹುಮನಾಬಾದದಾಗ ಒಲಿಗಿ ಕಟಗಿ ಎಲ್ಲಿ ಸಿಗ್ತಾವ?"

ಪಂಡರಿ ಯೋಚಿಸಿದ. ಆರು ವರ್ಷ ಅವನು ಖಾನಾವಳಿಯಲ್ಲಿ ಉಂಡಿದ್ದ.

"ಗೊತ್ತಿಲ್ಲ" ಎಂದ. "ನಡಿ, ಹೋಗಿ ಕೇಳೂಣು."